ಇಲಿ ಬಿದ್ದ ಊರು: ಕನ್ನಡನಾಡಿನ ಪ್ಲೇಗಿನ ವರ್ಷಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡನಾಡಿಗೆ ಕಾಲಿಟ್ಟ ಪ್ಲೇಗ್ ಸುಮಾರು ಅರ್ಧ ಶತಮಾನ ಇಲ್ಲಿಯೇ ಬೇರೂರಿತ್ತು. ಒಂದು ಸಲ ಬಂದು ಹೋಗುವ ಬೇನೆಯಾಗಿರಲಿಲ್ಲ ಅದು. ಮಳೆ ಹಿಂದೆ ಸರಿದು ಚಳಿ ಹತ್ತಿರವಾಗುವ ಹೊತ್ತಿಗೆ ಯಾವುದೋ ಊರಿನಲ್ಲಿ ಇಲಿ ಸತ್ತ ಸುದ್ದಿ ಬರುತ್ತಿತ್ತು. ಅದರ ಬೆನ್ನಿಗೇ ಸುತ್ತಲ ಊರುಗಳು ಗಂಟುಮೂಟೆ ಕಟ್ಟುತ್ತಿದ್ದವು. ಮೂರು ತಲೆಮಾರಿನ ಜನ ಈ ಭಯದ ನೆರಳಿನಲ್ಲೇ ಹುಟ್ಟಿದರು, ಓದಿದರು, ಮದುವೆಯಾದರು, ಮಕ್ಕಳನ್ನು ಪಡೆದರು, ಕಳೆದುಕೊಂಡರು. ಇಂದಿನ ಬೆಂಗಳೂರು, ಮೈಸೂರುಗಳ ಬೀದಿಗಳ ವಿನ್ಯಾಸದಲ್ಲಿ, ಊರ ಗಡಿಯ ಗುಡಿಗಳಲ್ಲಿ, ಕನ್ನಡದ ಹಿರಿಯ ಕಾದಂಬರಿಗಳಲ್ಲಿ ಆ ಕಾಲದ ಗುರುತು ಉಳಿದಿದೆ. ಭಯದ ಸುದ್ದಿ ಬಂದಾಗ ಒಂದು ಸಮಾಜ ಹೇಗೆ ನಡೆದುಕೊಳ್ಳುತ್ತದೆ, ಸಾವಿನ ನಡುವೆ ಬದುಕನ್ನು ಹೇಗೆ ಮುಂದುವರಿಸುತ್ತದೆ ಎಂಬುದನ್ನು ತಿಳಿಯಲು ಈ ವರ್ಷಗಳಷ್ಟು ಸ್ಪಷ್ಟವಾದ ಉದಾಹರಣೆ ನಾಡಿನ ಚರಿತ್ರೆಯಲ್ಲಿ ವಿರಳ.

ರೋಗ ಬಂದ ದಾರಿ

ಜಗತ್ತಿನ ಮೂರನೆಯ ಪ್ಲೇಗ್ ಮಹಾಮಾರಿ ಎಂದು ಚರಿತ್ರೆಕಾರರು ಗುರುತಿಸುವ ಅಲೆ ಚೀನಾದ ಒಳನಾಡಿನಿಂದ ಹೊರಟು 1894ರಲ್ಲಿ ಹಾಂಗ್‌ಕಾಂಗ್ ಮುಟ್ಟಿತು. ಅದೇ ವರ್ಷ ಅಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಎಂಬ ವಿಜ್ಞಾನಿ ರೋಗಾಣುವನ್ನು ಗುರುತಿಸಿದರು. ಹಡಗುಗಳ ಮೂಲಕ ರೋಗ ಬಂದರಿನಿಂದ ಬಂದರಿಗೆ ಹರಿದು 1896ರಲ್ಲಿ ಮುಂಬಯಿಗೆ ಬಂತು. ಸೆಪ್ಟೆಂಬರ್ ತಿಂಗಳಲ್ಲಿ ಮಾಂಡ್ವಿ ಎಂಬ ಕಿಕ್ಕಿರಿದ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಇದು ಪ್ಲೇಗ್ ಎಂದು ಮೊದಲು ಸಾರಿದರು. ಧಾನ್ಯದ ಉಗ್ರಾಣಗಳು, ಇಕ್ಕಟ್ಟಾದ ಚಾಳುಗಳು, ಹೇರಳವಾದ ಇಲಿಗಳು ಇದ್ದ ಆ ಭಾಗ ರೋಗಕ್ಕೆ ಹೇಳಿ ಮಾಡಿಸಿದಂತಿತ್ತು. ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ಮುಂಬಯಿ ಬಿಟ್ಟು ತಮ್ಮ ತಮ್ಮ ಊರುಗಳ ಕಡೆ ಹೊರಟರು.

ಆ ಹೊತ್ತಿಗೆ ರೈಲು ದಕ್ಷಿಣಕ್ಕೆ ಚಾಚಿಕೊಂಡಿತ್ತು. ಪುಣೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹಾದು ಹರಿಹರ ಮುಟ್ಟಿ, ಅಲ್ಲಿಂದ ಬೆಂಗಳೂರಿಗೆ ಬರುವ ಮಾರ್ಗ ಆಗಲೇ ಬಳಕೆಯಲ್ಲಿತ್ತು. ಹತ್ತಿ, ಧಾನ್ಯ, ಬಟ್ಟೆ ಸಾಗಿದ ಈ ದಾರಿಯಲ್ಲೇ ಇಲಿ ಮತ್ತು ಇಲಿಯ ಮೈಮೇಲಿನ ಚಿಗಟವೂ ಸಾಗಿದವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆ ಮೊದಲು ಹೊಡೆತ ತಿಂದಿತು. ಹತ್ತಿಯ ವ್ಯಾಪಾರ, ರೈಲ್ವೆ ಕಾರ್ಖಾನೆಗಳಿಂದ ಬೆಳೆಯುತ್ತಿದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ ರೋಗ ತೀವ್ರವಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲ ಪ್ರಕರಣ ಕಂಡುಬಂತು. ಅದೂ ರೈಲಿನ ದಾರಿಯಲ್ಲೇ ಬಂದದ್ದು.

ಹಳೆಯ ಊರಾದ ಪೇಟೆಯಲ್ಲೂ ಬ್ರಿಟಿಷ್ ಸೈನ್ಯದ ನೆಲೆಯಾದ ದಂಡಿನಲ್ಲೂ ರೋಗ ಬೇಗ ಹರಡಿತು. ಸಾವಿರಾರು ಜನ ಸತ್ತರು, ಅದಕ್ಕಿಂತ ಎಷ್ಟೋ ಹೆಚ್ಚು ಜನ ಊರು ಬಿಟ್ಟರು. 1891ರ ಜನಗಣತಿಯಲ್ಲಿ ಪೇಟೆ, ದಂಡು ಎರಡೂ ಸೇರಿ ಬೆಂಗಳೂರಿನಲ್ಲಿ 1,80,366 ಜನ ಇದ್ದರು. 1901ರಲ್ಲಿ ಆ ಸಂಖ್ಯೆ 1,59,046ಕ್ಕೆ ಇಳಿಯಿತು. ಮೈಸೂರು ನಗರದ ಜನಸಂಖ್ಯೆ ಅದೇ ಅವಧಿಯಲ್ಲಿ 74,048ರಿಂದ 68,111ಕ್ಕೆ ಬಂತು. ಬೆಳೆಯಬೇಕಾಗಿದ್ದ ಎರಡು ರಾಜಧಾನಿಗಳು ಒಂದು ದಶಕದಲ್ಲಿ ಕುಗ್ಗಿದವು.

ರೋಗದ ಬಗೆ

ಪ್ಲೇಗ್ ಮೂಲತಃ ಇಲಿಗಳ ರೋಗ. ಸೋಂಕು ತಗುಲಿದ ಇಲಿ ಸತ್ತು ಅದರ ಮೈ ತಣ್ಣಗಾದಾಗ ಅದರ ಮೇಲಿದ್ದ ಚಿಗಟಗಳು ಬೇರೆ ಬಿಸಿರಕ್ತದ ಪ್ರಾಣಿಯನ್ನು ಹುಡುಕಿಕೊಂಡು ಹೊರಡುತ್ತವೆ. ಹತ್ತಿರದಲ್ಲಿ ಬೇರೆ ಇಲಿ ಸಿಗದಿದ್ದರೆ ಮನುಷ್ಯನನ್ನು ಕಚ್ಚುತ್ತವೆ. ಎರಡರಿಂದ ಆರು ದಿನಗಳಲ್ಲಿ ಚಳಿಜ್ವರ ಏರುತ್ತದೆ. ತೊಡೆಯ ಸಂದು, ಕಂಕುಳು ಇಲ್ಲವೇ ಕುತ್ತಿಗೆಯಲ್ಲಿ ನೋವಿನ ಗಡ್ಡೆ ಏಳುತ್ತದೆ. ಔಷಧವಿಲ್ಲದ ಆ ಕಾಲದಲ್ಲಿ ಗಡ್ಡೆ ಎದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾರ ಕಳೆಯುವುದರೊಳಗೆ ಸಾಯುತ್ತಿದ್ದರು. ರೋಗ ಶ್ವಾಸಕೋಶಕ್ಕೆ ಇಳಿದರೆ ಉಳಿಯುವ ಆಸೆಯೇ ಇರಲಿಲ್ಲ; ಆ ಹಂತದಲ್ಲಿ ಕೆಮ್ಮಿನ ಮೂಲಕ ಒಬ್ಬರಿಂದ ಒಬ್ಬರಿಗೆ ನೇರವಾಗಿಯೂ ಅಂಟುತ್ತಿತ್ತು.

ಈ ಸರಪಳಿ 1898ರಲ್ಲಿ ವೈದ್ಯರಿಗೆ ಪೂರ್ತಿ ಗೊತ್ತಿರಲಿಲ್ಲ. ಪೌಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಅದೇ ವರ್ಷ ಕರಾಚಿಯಲ್ಲಿ ನಡೆಸಿದ ಪ್ರಯೋಗದಲ್ಲಿ ಚಿಗಟದ ಪಾತ್ರವನ್ನು ತೋರಿಸಿದರೂ ಹೆಚ್ಚಿನವರು ನಂಬಲಿಲ್ಲ. ಅದು ದೃಢಪಟ್ಟು ಎಲ್ಲರೂ ಒಪ್ಪಿದ್ದು ಮುಂದಿನ ದಶಕದಲ್ಲಿ, ಭಾರತದಲ್ಲಿ ನಡೆದ ವಿಸ್ತಾರವಾದ ಸಂಶೋಧನೆಯ ನಂತರ. ಅಲ್ಲಿಯವರೆಗೆ ಅಧಿಕಾರಿಗಳು ಕೊಳೆ, ಕೆಟ್ಟ ಗಾಳಿ, ತೇವದ ನೆಲ, ರೋಗಿಯ ಬಟ್ಟೆ, ಇವುಗಳನ್ನೇ ಶತ್ರುವೆಂದು ಭಾವಿಸಿದ್ದರು. ಸರ್ಕಾರದ ಕ್ರಮಗಳು ಯಾಕೆ ಅಷ್ಟು ಕಠಿಣವಾಗಿಯೂ ಅಷ್ಟು ನಿಷ್ಫಲವಾಗಿಯೂ ಇದ್ದವು ಎಂಬುದಕ್ಕೆ ಕಾರಣ ಇಲ್ಲಿದೆ.

ಸುದ್ದಿ ಮತ್ತು ಭಯ

ಬೆಂಗಳೂರಿಗೆ ರೋಗ ಬರುವ ಎರಡು ವರ್ಷ ಮೊದಲೇ ಸುದ್ದಿ ಬಂದಿತ್ತು. ಮೈಸೂರಿನಲ್ಲಿ ಎಂ. ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’ಯಂಥ ಪತ್ರಿಕೆಗಳಿದ್ದವು, ತಂತಿ ಇತ್ತು. ಆದರೆ ಓದು ಬಲ್ಲವರು ಬೆರಳೆಣಿಕೆಯಷ್ಟು. ಹೆಚ್ಚಿನವರಿಗೆ ಸುದ್ದಿ ಮುಟ್ಟಿದ್ದು ರೈಲಿಳಿದ ನೆಂಟರಿಂದ, ಸಂತೆಯಲ್ಲಿ ಸಿಕ್ಕ ವ್ಯಾಪಾರಿಗಳಿಂದ, ಗಾಡಿ ಹೊಡೆಯುವವರಿಂದ. ಬಾಯಿಂದ ಬಾಯಿಗೆ ಬಂದ ಸುದ್ದಿಯಲ್ಲಿ ರೋಗಕ್ಕಿಂತ ಸರ್ಕಾರದ ಭಯವೇ ಹೆಚ್ಚಾಗಿತ್ತು. ಆಸ್ಪತ್ರೆಗೆ ಒಯ್ದವರು ಹಿಂತಿರುಗುವುದಿಲ್ಲ, ಸೂಜಿ ಚುಚ್ಚಿ ಕೊಲ್ಲುತ್ತಾರೆ ಎಂಬ ಗಾಳಿಮಾತುಗಳು ದೇಶದ ತುಂಬ ಹಬ್ಬಿದ್ದವು.

ಆ ಭಯಕ್ಕೆ ಆಧಾರವೂ ಇತ್ತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಮನೆ ಹೊಕ್ಕು ಶೋಧಿಸುವ, ರೋಗಿಯನ್ನು ಎಳೆದೊಯ್ಯುವ, ಮನೆ ಕೆಡವುವ, ಪ್ರಯಾಣ ತಡೆಯುವ ಅಧಿಕಾರ ಅಧಿಕಾರಿಗಳಿಗೆ ಸಿಕ್ಕಿತು. ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕರು, ಅಡುಗೆಮನೆ ದೇವರಮನೆಗಳನ್ನೂ ಬಿಡಲಿಲ್ಲ. ಹೆಂಗಸರ ಮೈ ಮುಟ್ಟಿ ಪರೀಕ್ಷಿಸಿದ್ದು ಜನರನ್ನು ಕೆರಳಿಸಿತು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಗುಂಡು ಹೊಡೆದರು. ಅದೇ ಪುಣೆಯಲ್ಲಿ ಅದೇ ವರ್ಷ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆ ಪ್ಲೇಗ್ ರೋಗಿಗಳ ಶುಶ್ರೂಷೆ ಮಾಡುತ್ತ ಸೋಂಕು ತಗುಲಿ ತೀರಿಕೊಂಡಿದ್ದರು. ಒಂದೇ ಊರು, ಒಂದೇ ವರ್ಷ; ಬಲಾತ್ಕಾರಕ್ಕೆ ಜನ ಕೊಟ್ಟ ಉತ್ತರ ಒಂದು ಬಗೆಯದು, ಕರುಣೆಯ ದಾರಿ ಇನ್ನೊಂದು ಬಗೆಯದು. ಎರಡರ ಸುದ್ದಿಯೂ ದಕ್ಷಿಣಕ್ಕೆ ತಲುಪಿತು.

ಮೈಸೂರು ಸಂಸ್ಥಾನದಲ್ಲಿಯೂ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ನೋಡುವುದು, ಸೋಂಕಿನ ಊರಿನಿಂದ ಬಂದವರ ಮೇಲೆ ಕೆಲವು ದಿನ ಕಣ್ಣಿಡುವುದು, ರೋಗಿಯ ಮನೆಯವರನ್ನು ಕ್ಯಾಂಪಿಗೆ ಸಾಗಿಸುವುದು, ಹಾಸಿಗೆ ಬಟ್ಟೆ ಸುಡುವುದು, ಬಿಸಿಲು ಬೀಳಲೆಂದು ಹೆಂಚು ತೆಗೆಸುವುದು, ಗೋಡೆಗೆ ಸುಣ್ಣ ಬಳಿಸುವುದು ನಡೆದವು. ಹೆಣ ಸುಡುವ ಅಥವಾ ಹೂಳುವ ಮೊದಲು ಅಧಿಕಾರಿಗೆ ತೋರಿಸಬೇಕಾಗಿತ್ತು. ದುಃಖದಲ್ಲಿದ್ದ ಮನೆಯವರಿಗೆ ಇದು ಸಾವಿಗಿಂತ ದೊಡ್ಡ ಅವಮಾನ ಅನ್ನಿಸಿತು. ಜನ ರೋಗಿಗಳನ್ನು ಅಟ್ಟದ ಮೇಲೆ, ಹಿತ್ತಿಲಿನಲ್ಲಿ ಬಚ್ಚಿಟ್ಟರು. ರಾತ್ರೋರಾತ್ರಿ ಹೆಣ ಸಾಗಿಸಿದರು. 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಂ ಭಾಗದಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ದೊಡ್ಡ ಗಲಭೆಯೇ ಎದ್ದಿತು. ಬಚ್ಚಿಟ್ಟಷ್ಟೂ ರೋಗ ಹರಡಿತು, ರೋಗ ಹರಡಿದಷ್ಟೂ ಕ್ರಮ ಬಿಗಿಯಾಯಿತು.

ಆಡಳಿತ, ವೈದ್ಯರು, ಸೂಜಿ

ಆಗ ಸಂಸ್ಥಾನದಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿದ್ದರು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಮಹಾರಾಣಿಯವರಿಗೆ ಸಾವಿನ ಸುದ್ದಿ ಹೊಸದಲ್ಲ; ಪತಿ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ಅಕಾಲದಲ್ಲಿ ತೀರಿಕೊಂಡಿದ್ದರು. ರೋಗ ಹರಡಿದಾಗ ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿತು. ಬೆಂಗಳೂರು ನಗರವನ್ನು ವಾರ್ಡುಗಳಾಗಿ ವಿಂಗಡಿಸಿ, ಆರೋಗ್ಯಾಧಿಕಾರಿಯನ್ನು ನೇಮಿಸಿ, ಕೆಲಸ ಹೊಂದಿಸಲು ದೂರವಾಣಿ ತಂತಿ ಎಳೆಸಲಾಯಿತು. ಬೆಂಗಳೂರಿನ ನಗರಾಡಳಿತದಲ್ಲಿ ಆರೋಗ್ಯಕ್ಕೆ ಒಂದು ನಿಯತ ವ್ಯವಸ್ಥೆ ರೂಪುಗೊಂಡದ್ದು ಈ ಸಂಕಟದಲ್ಲಿ.

ಪ್ಲೇಗ್ ಕ್ಯಾಂಪುಗಳಲ್ಲಿ ದುಡಿದ ವೈದ್ಯರಲ್ಲಿ ಡಾ. ಪಿ. ಪಲ್ಪು ಅವರ ಹೆಸರು ಮುಖ್ಯವಾದದ್ದು. ತಿರುವಾಂಕೂರಿನ ಈಳವ ಸಮುದಾಯದಲ್ಲಿ 1863ರಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ವೈದ್ಯಕೀಯ ಓದಿದರೂ ಜಾತಿಯ ಕಾರಣಕ್ಕೆ ಸ್ವಂತ ಸಂಸ್ಥಾನದಲ್ಲಿ ಕೆಲಸ ಸಿಗಲಿಲ್ಲ. ಮೈಸೂರು ಸರ್ಕಾರ ಕೆಲಸ ಕೊಟ್ಟಿತು. ತಮ್ಮ ನಾಡು ಬೇಡವೆಂದ ಮನುಷ್ಯ ಬೆಂಗಳೂರಿನಲ್ಲಿ ಸಾಯುತ್ತಿದ್ದವರ ನಡುವೆ, ತಮ್ಮ ಜೀವದ ಹಂಗು ಬಿಟ್ಟು ನಿಂತರು. ಮುಂದೆ 1903ರಲ್ಲಿ ಶ್ರೀನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಯಾಗುವಲ್ಲಿ ಅವರ ಪಾತ್ರ ದೊಡ್ಡದು. ಸಾವನ್ನು ಹತ್ತಿರದಿಂದ ಕಂಡವರು ಉಳಿದ ಆಯುಷ್ಯವನ್ನು ದೊಡ್ಡ ಕೆಲಸಕ್ಕೆ ಕೊಟ್ಟದ್ದಕ್ಕೆ ಅವರ ಬದುಕು ಸಾಕ್ಷಿ.

ವಿಜ್ಞಾನದ ಕಡೆಯಿಂದ ಬಂದ ಮೊದಲ ಆಸರೆ ವಾಲ್ಡೆಮರ್ ಹಾಫ್ಕಿನ್ ಅವರ ಲಸಿಕೆ. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಚಿಕ್ಕ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದ ಅವರು 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಲಸಿಕೆ ಪೂರ್ತಿ ರಕ್ಷಣೆ ಕೊಡುತ್ತಿರಲಿಲ್ಲ, ಜ್ವರ ನೋವು ತರುತ್ತಿತ್ತು. ಆದರೂ ಹಾಕಿಸಿಕೊಂಡವರಲ್ಲಿ ಸಾವು ಗಣನೀಯವಾಗಿ ಕಡಿಮೆಯಾಯಿತು. ಅದರ ದೊಡ್ಡ ಪರೀಕ್ಷೆ ನಡೆದದ್ದು ಕನ್ನಡದ ಊರಿನಲ್ಲಿ. ಸುಮಾರು 50,000 ಜನರಿದ್ದ ಹುಬ್ಬಳ್ಳಿಯಲ್ಲಿ 1898ರ ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ಸುಮಾರು 38,000 ಜನಕ್ಕೆ ಲಸಿಕೆ ಹಾಕಲಾಯಿತು. ಪುಣೆಯಲ್ಲಿ ಸೈನ್ಯದಿಂದ ಆಗದ್ದು ಹುಬ್ಬಳ್ಳಿಯಲ್ಲಿ ಜನ ಮುಂದೆ ಬಂದದ್ದರಿಂದ ಆಯಿತು. ಆದರೆ ನಂಬಿಕೆ ಬೆಳೆಯುವಷ್ಟು ಬೇಗ ಒಡೆಯಲೂಬಹುದು. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಕಲುಷಿತವಾದ ಒಂದು ಸೀಸೆಯ ಲಸಿಕೆಯಿಂದ 19 ಜನ ಧನುರ್ವಾಯುವಿಗೆ ಬಲಿಯಾದರು. ಆರೋಪ ಹೊತ್ತ ಹಾಫ್ಕಿನ್ ನಿರ್ದೋಷಿ ಎಂದು ಸಾಬೀತಾಗಲು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಸೂಜಿಯ ಭಯ ಹಳ್ಳಿಹಳ್ಳಿಗೂ ಹಬ್ಬಿತ್ತು.

ಊರು ಬಿಡುವ ಪದ್ಧತಿ

ಸರ್ಕಾರದ ಕ್ಯಾಂಪುಗಳಿಗೆ ಹೆದರಿದ ಜನ ತಮ್ಮದೇ ಆದ ಒಂದು ದಾರಿ ಕಂಡುಕೊಂಡಿದ್ದರು. ಅದು ಊರು ಬಿಡುವುದು. ಮನೆಯ ಸೂರಿನಲ್ಲೋ ಕಣಜದ ಬುಡದಲ್ಲೋ ಸತ್ತ ಇಲಿ ಸಿಕ್ಕರೆ ‘ಇಲಿ ಬಿತ್ತು’ ಎಂಬ ಮಾತು ಊರೆಲ್ಲ ಹರಡುತ್ತಿತ್ತು. ಪಟೇಲ, ಶಾನುಭೋಗ, ಹಿರಿಯರು ಕೂಡಿ ಮಾತಾಡಿ, ಊರ ಹೊರಗಿನ ಬಯಲು, ತೋಪು ಅಥವಾ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಲು ನಿರ್ಧರಿಸುತ್ತಿದ್ದರು. ಬಿದಿರು, ತೆಂಗಿನ ಗರಿ, ಸೋಗೆ, ಜೋಳದ ದಂಟು, ಹುಲ್ಲು, ಯಾವುದು ಸುಲಭವಾಗಿ ಸಿಗುತ್ತಿತ್ತೋ ಅದರಿಂದ ಗುಡಿಸಲು ಏಳುತ್ತಿತ್ತು. ಸ್ಥಿತಿವಂತರು ತಗಡಿನ ಶೆಡ್ಡು ಹಾಕಿಕೊಳ್ಳುತ್ತಿದ್ದರು. ದನಕರು, ಪಾತ್ರೆ, ದವಸ, ದೇವರ ಪೆಟ್ಟಿಗೆಗಳೊಂದಿಗೆ ಊರು ಬಯಲಿಗೆ ಬರುತ್ತಿತ್ತು. ಊರೊಳಗಿನ ಮನೆಗಳಿಗೆ ಬೀಗ ಬೀಳುತ್ತಿತ್ತು.

ಈ ಪದ್ಧತಿ ವಿಜ್ಞಾನಿಗಳು ಚಿಗಟವನ್ನು ಒಪ್ಪುವ ಮೊದಲೇ ಸತ್ಯಕ್ಕೆ ಹತ್ತಿರವಾಗಿತ್ತು. ಹಿಮಾಲಯದ ಗಢವಾಲ, ಕುಮಾವೂಂ ಪ್ರದೇಶಗಳ ಹಳ್ಳಿಗರು ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲೇ ಇಲಿ ಸತ್ತರೆ ಮನೆ ಬಿಡುತ್ತಿದ್ದರೆಂಬುದು ಸರ್ಕಾರದ ವರದಿಗಳಲ್ಲಿ ದಾಖಲಾಗಿತ್ತು. ಕನ್ನಡನಾಡಿನ ರೈತರೂ ಕೆಲವೇ ವರ್ಷಗಳಲ್ಲಿ ಕಣ್ಣಾರೆ ಕಂಡು ಅದನ್ನೇ ಕಲಿತರು. ಇಲಿ ಸತ್ತ ಮನೆಯಲ್ಲಿ ಹಸಿದ ಚಿಗಟಗಳು ಉಳಿದಿರುತ್ತವೆ. ಬಯಲಿನ ಗುಡಿಸಲಲ್ಲಿ ಮನೆ ಇಲಿಗಳು ಕಡಿಮೆ. ಬಿಸಿಲು ಗಾಳಿಗೆ ಚಿಗಟ ಬಾಳುವುದಿಲ್ಲ. ಹಾಗಾಗಿ ಬೇಗ ಊರು ಬಿಟ್ಟವರು ಉಳಿದರು, ತಡಮಾಡಿದವರು ಸತ್ತರು. ಸರ್ಕಾರವೂ ಕ್ರಮೇಣ ಇದನ್ನು ಒಪ್ಪಿಕೊಂಡಿತು. ಬಲವಂತದ ಶೋಧನೆ, ಪ್ರತ್ಯೇಕ ಕ್ಯಾಂಪುಗಳ ಬಿಗಿ ಸಡಿಲವಾಗಿ, ಊರು ಖಾಲಿ ಮಾಡಲು ನೆರವಾಗುವುದು, ಒಪ್ಪಿದವರಿಗೆ ಲಸಿಕೆ ಹಾಕುವುದು, ಇಲಿ ಹಿಡಿಯುವುದು ಮುಖ್ಯ ಕ್ರಮಗಳಾದವು. ಆಡಳಿತದ ಬಲ ಮತ್ತು ಜನರ ಅನುಭವ ಒಂದೆಡೆ ಸೇರಿದಾಗಲೇ ಪ್ಲೇಗಿನ ಎದುರು ಕೈ ಬಲವಾಯಿತು.

ಬಯಲಿನ ವಾಸ ಸುಖದ್ದೇನೂ ಆಗಿರಲಿಲ್ಲ. ಚಳಿಗಾಲದ ಇಬ್ಬನಿ, ಒಲೆಯ ಕಿಡಿಗೆ ಹೊತ್ತಿಕೊಳ್ಳುವ ಹುಲ್ಲುಮಾಡು, ಹಾವು ಚೇಳು, ಬೀಗ ಹಾಕಿದ ಊರಲ್ಲಿ ಕಳ್ಳರ ಕಾಟ, ಎಲ್ಲವೂ ಇದ್ದವು. ಮರೆತ ವಸ್ತು ತರಲೆಂದೋ ಕಣಜದಿಂದ ದವಸ ತೆಗೆಯಲೆಂದೋ ಊರೊಳಗೆ ಹೋಗಿ ಬಂದವರು ರೋಗ ಹೊತ್ತು ತರುತ್ತಿದ್ದರು. ಕೂಲಿಯವರಿಗೆ ದಿನದ ದುಡಿಮೆ ಬಿಟ್ಟು ಬರುವುದು ಕಷ್ಟ. ಹೊಲಗೇರಿ ಮಾದಿಗೇರಿಗಳ ಜನ ಬಯಲಿನಲ್ಲಿಯೂ ದೂರದಲ್ಲೇ ಗುಡಿಸಲು ಹಾಕಬೇಕಾಗಿತ್ತು, ಹೆಣ ಸಾಗಿಸುವ ಕೆಲಸ ಅವರ ಪಾಲಿಗೆ ಬಂತು. ಸಾವು ಎಲ್ಲರಿಗೂ ಒಂದೇ ಎನ್ನುವ ಮಾತಿದ್ದರೂ ಸಾವಿನಿಂದ ತಪ್ಪಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಆದರೂ ಬಯಲಿನಲ್ಲಿ ಬದುಕು ನಿಲ್ಲಲಿಲ್ಲ. ಹೊಲದ ಕೆಲಸ, ಹಾಲು ಕರೆಯುವುದು, ರಾಗಿ ಬೀಸುವುದು ನಡೆದೇ ಇದ್ದವು. ಗುಡಿಸಲುಗಳ ನಡುವೆ ಬಾಣಂತನಗಳಾದವು, ನಾಮಕರಣಗಳಾದವು. ಸಂಕ್ರಾಂತಿಯ ಎಳ್ಳು ಬೆಲ್ಲ ಬಯಲಿನಲ್ಲೇ ಹಂಚಲಾಯಿತು. ಊರೊಳಗೆ ಮನೆ ಮನೆಯ ನಡುವೆ ಗೋಡೆ ಇದ್ದರೆ ಇಲ್ಲಿ ಸೋಗೆಯ ತಡಿಕೆ ಮಾತ್ರ. ಸಂಜೆ ಹರಟೆ, ಭಜನೆ, ಗಮಕ ಎಲ್ಲರ ಕಿವಿಗೂ ಬೀಳುತ್ತಿದ್ದವು. ಮಕ್ಕಳಿಗೆ ಆ ತಿಂಗಳುಗಳು ಹಬ್ಬದ ಹಾಗೆ ನೆನಪಿನಲ್ಲಿ ಉಳಿಯುತ್ತಿದ್ದವು, ದೊಡ್ಡವರಿಗೆ ಸೂತಕದ ಹಾಗೆ. ಒಂದೇ ಅನುಭವದ ಈ ಎರಡು ಮುಖಗಳನ್ನು ಆ ಕಾಲದ ಮಕ್ಕಳು ಮುದುಕರಾದ ಮೇಲೆ ಹೇಳಿದ ನೆನಪುಗಳಲ್ಲಿ ಮತ್ತೆ ಮತ್ತೆ ಕಾಣಬಹುದು.

ಪ್ಲೇಗಿನಮ್ಮ

ಕಾರಣ ತಿಳಿಯದ ಸಾವಿಗೆ ಹಳ್ಳಿಯ ಜನ ಮೊದಲಿನಿಂದಲೂ ಒಂದು ಹೆಸರು ಕೊಟ್ಟು, ಅದರೊಡನೆ ಮಾತಾಡುತ್ತ ಬಂದವರು. ಸಿಡುಬು, ಕಾಲರಾಗಳಿಗೆ ಮಾರಿಯಮ್ಮ ಇದ್ದಳು. ಪ್ಲೇಗ್ ಬಂದಾಗ ಮಾರಿಯೇ ಪ್ಲೇಗಿನಮ್ಮನೂ ಆದಳು. ಬೆಂಗಳೂರಿನ ಹಲವೆಡೆ ಪ್ಲೇಗಮ್ಮ, ಪ್ಲೇಗ್ ಮಾರಿಯಮ್ಮ ಎಂಬ ಹೆಸರಿನ ಗುಡಿಗಳು ಇಂದಿಗೂ ಇವೆ. ಕೊಯಮತ್ತೂರಿನಲ್ಲಿಯೂ ಅದೇ ಹೆಸರಿನ ಮಾರಿಯಮ್ಮನ ಗುಡಿಗಳುಂಟು. ಬೇವಿನ ಸೊಪ್ಪು, ಮೊಸರನ್ನ, ತಂಬಿಟ್ಟಿನ ಆರತಿಗಳಿಂದ ಉರಿಯುವ ತಾಯಿಯನ್ನು ತಂಪು ಮಾಡುವುದು, ಹರಕೆ ಹೊರುವುದು, ಮಾರಿಯನ್ನು ಊರ ಗಡಿ ದಾಟಿಸಿ ಬಿಟ್ಟು ಬರುವುದು ನಡೆದವು.

ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಆ ಕಾಲದ ಜನ ಅರ್ಥವಾಗುವುದಿಲ್ಲ. ಊರು ಬಿಟ್ಟು ಹೋಗುವಾಗ ಪೂಜೆ ಸಲ್ಲಿಸಿ ಹೊರಟು, ಇಲಿ ಸಾಯುವುದು ನಿಂತ ಮೇಲೆ ಹಿಂತಿರುಗಿ ಬಂದು ಪೂಜೆ ಸಲ್ಲಿಸಿಯೇ ಮನೆ ಹೊಗುವ ಕ್ರಮ, ಹೋಗುವ ಬರುವ ಕಾಲವನ್ನು ಇಡೀ ಊರು ಒಟ್ಟಿಗೆ ಪಾಲಿಸುವಂತೆ ಮಾಡಿತು. ಸತ್ತವರಿಗಾಗಿ ಒಬ್ಬೊಬ್ಬರೇ ಮನೆಯೊಳಗೆ ಅಳುವ ಬದಲು ಊರೆಲ್ಲ ಕೂಡಿ ಅಳಲು ಒಂದು ಜಾಗ ಸಿಕ್ಕಿತು. ಔಷಧದ ಕೆಲಸವನ್ನು ಗುಡಿ ಮಾಡಲಿಲ್ಲ, ಮಾಡಲೂ ಆಗದು. ಆದರೆ ಭಯಕ್ಕೆ ಒಂದು ರೂಪ ಕೊಟ್ಟು ಅದನ್ನು ಹೊರಬಲ್ಲಷ್ಟಾಗಿಸಿತು.

ರೋಗದಿಂದ ಹುಟ್ಟಿದ ಬಡಾವಣೆಗಳು

ಬೆಂಗಳೂರಿನಲ್ಲಿ ಊರು ಬಿಟ್ಟವರೆಲ್ಲ ಹಳೆಯ ಮನೆಗಳಿಗೆ ಹಿಂತಿರುಗಲಿಲ್ಲ. ಪೇಟೆಯ ಇಕ್ಕಟ್ಟು ಕಡಿಮೆ ಮಾಡಲು ಹೊಸ ಬಡಾವಣೆಗಳು ಬೇಕೆಂಬ ಮಾತು ಮೊದಲೇ ಇತ್ತು. ಪ್ಲೇಗ್ ಅದಕ್ಕೆ ಅವಸರ ತಂದಿತು. ಪೇಟೆಯ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ರೂಪುಗೊಂಡವು. ಕಾಡುಮಲ್ಲೇಶ್ವರ ಮತ್ತು ದೊಡ್ಡ ಬಸವಣ್ಣನ ಹಳೆಯ ಗುಡಿಗಳಿಂದ ಅವುಗಳಿಗೆ ಹೆಸರು ಬಂತು. ನೇರವಾದ ಅಗಲ ರಸ್ತೆಗಳು, ಅಡ್ಡರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ಮನೆಗಳ ಹಿಂದೆ ಕಸ ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿ, ಇವೆಲ್ಲ ಗಾಳಿ ಬೆಳಕಿಗಾಗಿ ಯೋಚಿಸಿ ಮಾಡಿದವು. ಮಲ್ಲೇಶ್ವರದ ಓಣಿಗಳಲ್ಲಿ ಇಂದು ನಡೆಯುವವರು ಪ್ಲೇಗಿನ ಭಯ ಗೆರೆ ಎಳೆದ ನಕ್ಷೆಯ ಮೇಲೆಯೇ ನಡೆಯುತ್ತಿದ್ದಾರೆ.

ದಂಡಿನ ಭಾಗದಲ್ಲಿ ಜೆ. ಎಚ್. ಸ್ಟೀಫನ್ಸ್ ಎಂಬ ಅಧಿಕಾರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಷ್ಟರಲ್ಲಿ ಇಲಿ ಮತ್ತು ಚಿಗಟದ ಪಾತ್ರ ಖಚಿತವಾಗಿತ್ತು. ಇಲಿ ಬಿಲ ತೋಡಲಾಗದಂಥ ನೆಲ ಮತ್ತು ತಳಪಾಯ, ಗಾಳಿಯಾಡುವ ಕೋಣೆ ಇರುವ ಮನೆಗಳ ಬಡಾವಣೆಯನ್ನು ಯೋಜಿಸಿದರು. ಅದೇ 1910ರಲ್ಲಿ ಉದ್ಘಾಟನೆಯಾದ ಫ್ರೇಸರ್ ಟೌನ್. ಪ್ಲೇಗ್ ಮುಟ್ಟದಂಥ ನಗರ ಯೋಜನೆಯ ಬಗ್ಗೆ ಅವರು 1914ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣೆಯ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿ ಕಿಷ್ಕಿಂಧೆಯಂತಿದ್ದ ಕೇರಿಗಳನ್ನು ಬಿಡಿಸಿ ಹೊಸ ಮೊಹಲ್ಲಾಗಳನ್ನು ಕಟ್ಟಿತು. 1897ರಲ್ಲಿ ಶಂಕುಸ್ಥಾಪನೆಯಾಗಿದ್ದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ವೈಸ್‌ರಾಯ್ ಕರ್ಜನ್ ಅವರಿಂದ ಉದ್ಘಾಟನೆಗೊಂಡಿತು.

ವಿದ್ಯಾರ್ಥಿಗಳು ಮತ್ತು ಸಾವಿನ ಪ್ರಶ್ನೆ

ಪ್ಲೇಗಿನ ವರ್ಷಗಳಲ್ಲಿ ಓದುವ ಹುಡುಗರ ಪಾಡು ಬೇರೆಯದೇ. ಶಾಲೆಗಳು ಮುಚ್ಚುತ್ತಿದ್ದವು, ಪರೀಕ್ಷೆಗಳು ಮುಂದೆ ಹೋಗುತ್ತಿದ್ದವು, ಹಾಸ್ಟೆಲಿನ ಹುಡುಗರು ಊರಿಂದ ಬರುವ ಕಾಗದಕ್ಕೆ ಹೆದರುತ್ತಿದ್ದರು. ಸುದ್ದಿ ಮುಟ್ಟಿ ಮನೆ ತಲುಪುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತಿತ್ತು. ಆದರೂ ಈ ವಯಸ್ಸಿನವರೇ ಬೇರೆಯವರ ನೆರವಿಗೂ ಬಂದರು. 1899ರ ಏಪ್ರಿಲ್‌ನಲ್ಲಿ ಕಲ್ಕತ್ತೆಯಲ್ಲಿ ಪ್ಲೇಗ್ ಹರಡಿದ್ದಾಗ ಸೋದರಿ ನಿವೇದಿತಾ ಪ್ಲೇಗ್ ಮತ್ತು ವಿದ್ಯಾರ್ಥಿಗಳ ಕರ್ತವ್ಯದ ಬಗ್ಗೆ ಭಾಷಣ ಮಾಡಿದರು, ಅಧ್ಯಕ್ಷತೆ ಸ್ವಾಮಿ ವಿವೇಕಾನಂದರದು. ಆ ಕರೆಗೆ ಓಗೊಟ್ಟ ವಿದ್ಯಾರ್ಥಿಗಳು ಕೊಳೆಗೇರಿಗಳನ್ನು ಶುಚಿ ಮಾಡುವ ಕೆಲಸಕ್ಕೆ ನಿಂತರು. ಸಾವಿನ ಸುದ್ದಿಗೆ ಕೈಕಟ್ಟಿ ಕೂರದೆ ಪೊರಕೆ ಹಿಡಿದು ಬೀದಿಗಿಳಿದ ಆ ಹುಡುಗರು ಮುಂದಿನ ಸೇವಾದಳಗಳಿಗೆ ದಾರಿ ತೋರಿದರು.

ಕನ್ನಡದಲ್ಲಿ ಈ ಅನುಭವ ಅತ್ಯಂತ ಆಳವಾಗಿ ಮೂಡಿರುವುದು ಎಸ್. ಎಲ್. ಭೈರಪ್ಪನವರ ಬರಹದಲ್ಲಿ. ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ಒಡಹುಟ್ಟಿದವರನ್ನೂ ತಾಯಿಯನ್ನೂ ಪ್ಲೇಗಿನಲ್ಲಿ ಕಳೆದುಕೊಂಡರು. ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡುತ್ತ ಓದಿದರು. ಮೈಸೂರಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದಾಗ ಸಂಪಾದನೆಗೆ ಅನುಕೂಲವಾದ ವಿಷಯ ಆರಿಸದೆ ತತ್ತ್ವಶಾಸ್ತ್ರ ಆರಿಸಿದರು. ಸಾವೆಂದರೇನು ಎಂಬ ಪ್ರಶ್ನೆ ಅವರನ್ನು ಆ ಕಡೆ ಎಳೆದಿತ್ತು. ಆ ಪ್ರಶ್ನೆಯಿಂದ ಹತಾಶೆಯ ಕಡೆ ಹೋಗುವುದು ಸುಲಭವಾಗಿತ್ತು. ಅವರು ಅದನ್ನು ಓದು, ಅಲೆದಾಟ, ಬರವಣಿಗೆಗಳ ದೀರ್ಘ ಬದುಕಾಗಿ ಪರಿವರ್ತಿಸಿದರು. 1970ರಲ್ಲಿ ಬಂದ ‘ಗೃಹಭಂಗ’ ಕಾದಂಬರಿಯಲ್ಲಿ ನಂಜಮ್ಮ ಎಂಬ ಹೆಂಗಸು ಕೈಲಾಗದ ಗಂಡನೊಡನೆ ಬಡತನ, ಬರ, ಪ್ಲೇಗುಗಳನ್ನು ಎದುರಿಸುತ್ತಾಳೆ. ಮದುವೆಯಾದ ಮಗಳು, ಓದುತ್ತಿದ್ದ ಮಗ ಪ್ಲೇಗಿಗೆ ತುತ್ತಾದ ಮೇಲೂ ಆಕೆ ಬದುಕು ಕಟ್ಟುವ ಕೆಲಸ ನಿಲ್ಲಿಸುವುದಿಲ್ಲ. ಹಳ್ಳಿಯ ಜನ ಊರು ಬಿಟ್ಟು ಗುಡಿಸಲು ಹಾಕುವುದು, ಸೂಜಿಗೆ ಹೆದರುವುದು, ತಡವಾಗುವುದು, ಇವೆಲ್ಲ ಅಲ್ಲಿ ಯಾವ ಅಲಂಕಾರವೂ ಇಲ್ಲದೆ ಬರುತ್ತವೆ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಇದೇ ರೋಗವನ್ನು ಬೇರೊಂದು ಪ್ರಶ್ನೆಗೆ ಬಳಸಿಕೊಂಡಿತು. ದೂರ್ವಾಸಪುರದ ಅಗ್ರಹಾರದಲ್ಲಿ ಇಲಿಗಳು ಸಾಯುತ್ತಿರುವಾಗ, ಜಾತಿಕಟ್ಟು ಮುರಿದವನೊಬ್ಬನ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕೆಂಬ ತರ್ಕ ನಡೆಯುತ್ತದೆ. ಎದುರಿಗಿರುವ ಅಪಾಯವನ್ನು ಕಾಣದೆ ನಿಯಮದಲ್ಲಿ ಮುಳುಗಿದ ಸಮಾಜಕ್ಕೆ ಪ್ಲೇಗ್ ಅಲ್ಲಿ ಎದುರು ನಿಲ್ಲುತ್ತದೆ. ಪ್ಲೇಗನ್ನು ಮರೆತ ತಲೆಮಾರಿಗೆ ಆ ಕಾಲ ತಿಳಿದದ್ದು ಬಹುಪಾಲು ಈ ಎರಡು ಕಾದಂಬರಿಗಳಿಂದ.

ಪ್ಲೇಗ್ ಹಿಂದೆ ಸರಿದದ್ದು

1896ರಿಂದ ಎರಡು ದಶಕಗಳಲ್ಲಿ ಭಾರತದಲ್ಲಿ ಪ್ಲೇಗಿಗೆ ಸತ್ತವರ ಸಂಖ್ಯೆ ಒಂದು ಕೋಟಿಯ ಸುತ್ತಮುತ್ತ. 1920ರ ನಂತರ ಸಾವು ಇಳಿಯತೊಡಗಿತು. ಲಸಿಕೆ, ಇಲಿ ನಾಶ, ಊರು ಖಾಲಿ ಮಾಡುವ ಅಭ್ಯಾಸ, ಹೆಂಚಿನ ಗಾಳಿಯಾಡುವ ಮನೆಗಳು ಎಲ್ಲವೂ ಅದಕ್ಕೆ ಸೇರಿಕೊಂಡವು. 1940ರ ದಶಕದಲ್ಲಿ ಸಲ್ಫಾ ಔಷಧಗಳು, ನಂತರ ಸ್ಟ್ರೆಪ್ಟೊಮೈಸಿನ್ ಬಂದವು. ಡಿಡಿಟಿ ಸಿಂಪಡಣೆ ಚಿಗಟಗಳನ್ನು ಕೊಂದಿತು. ಗಡ್ಡೆ ಎದ್ದ ರೋಗಿಯನ್ನು ಬದುಕಿಸಬಹುದು ಎಂಬ ಮಾತು ಮೊದಲ ಸಲ ನಿಜವಾಯಿತು. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ, ಮೂರು ರಾಜ್ಯಗಳ ಗಡಿ ಕೂಡುವ ಪ್ರದೇಶದ ಕಾಡು ಇಲಿಗಳಲ್ಲಿ ರೋಗ ಬಹುಕಾಲ ಉಳಿಯಿತು. 1966ರಲ್ಲಿ ಅಲ್ಲಿ ಕಂಡ ಪ್ರಕರಣದ ನಂತರ ದೇಶದಲ್ಲಿ ಸುಮಾರು ಮೂರು ದಶಕ ಮನುಷ್ಯರಲ್ಲಿ ಪ್ಲೇಗ್ ದೃಢಪಡಲಿಲ್ಲ.

1994ರಲ್ಲಿ ಮತ್ತೆ ಸುದ್ದಿ ಬಂತು. ಮಹಾರಾಷ್ಟ್ರದ ಬೀಡ್, ಗುಜರಾತಿನ ಸೂರತ್‌ಗಳಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಸೂರತ್ ಬಿಟ್ಟರು. ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಸಿಗದಾಯಿತು, ಹಲವು ದೇಶಗಳು ಭಾರತದ ವಿಮಾನಗಳನ್ನು ತಡೆದವು. ಸತ್ತವರು ಐವತ್ತಕ್ಕೂ ಸ್ವಲ್ಪ ಹೆಚ್ಚು. ನೂರು ವರ್ಷದ ಹಿಂದಿಗೆ ಹೋಲಿಸಿದರೆ ಸಾವು ಅತ್ಯಲ್ಪ, ಭಯ ಮಾತ್ರ ಅಷ್ಟೇ ದೊಡ್ಡದು. ಔಷಧ ಸಿದ್ಧವಿತ್ತು, ಕಾರಣ ತಿಳಿದಿತ್ತು. ತಿಳಿದದ್ದು ಜನರಿಗೆ ಸರಿಯಾಗಿ ಮುಟ್ಟಿರಲಿಲ್ಲ. ಆ ಘಟನೆಯ ನಂತರ ಸೂರತ್ ತನ್ನ ನೈರ್ಮಲ್ಯ ವ್ಯವಸ್ಥೆಯನ್ನು ಬುಡದಿಂದ ಬದಲಿಸಿಕೊಂಡಿತು, ಬೆಂಗಳೂರು 1898ರ ನಂತರ ಮಾಡಿದಂತೆಯೇ.

ಈ ಚರಿತ್ರೆಯಿಂದ ಸ್ಪಷ್ಟವಾಗಿ ಕಾಣುವುದು ಇಷ್ಟು. ಭಯದ ಸುದ್ದಿಯನ್ನು ಮುಚ್ಚಿಟ್ಟಾಗ, ಬಲವಂತದಿಂದ ಎದುರಿಸಿದಾಗ ಸಾವು ಹೆಚ್ಚಿತು. ಸುದ್ದಿಯನ್ನು ಒಪ್ಪಿಕೊಂಡು, ಕೈಗೆ ಸಿಕ್ಕ ಕೆಲಸವನ್ನು ಊರೆಲ್ಲ ಕೂಡಿ ಮಾಡಿದಾಗ ಸಾವು ಕಡಿಮೆಯಾಯಿತು. ಪ್ಲೇಗಿನ ವರ್ಷಗಳ ಜನ ಸಾವಿಲ್ಲದ ಕಾಲ ಬರಲಿ, ಆಮೇಲೆ ಬದುಕೋಣ ಎಂದು ಕಾಯಲಿಲ್ಲ. ಗುಡಿಸಲಿನಲ್ಲೇ ಒಲೆ ಹಚ್ಚಿದರು, ತೊಟ್ಟಿಲು ಕಟ್ಟಿದರು, ಮಕ್ಕಳಿಗೆ ಅಕ್ಷರ ಕಲಿಸಿದರು. ಮುಳಬಾಗಿಲು ಸೀಮೆಯ ಇಲಿಗಳಲ್ಲಿ ಪ್ಲೇಗಿನ ಜಾಡು ಹುಡುಕುವ ಕೇಂದ್ರ ಸರ್ಕಾರದ ಘಟಕವೊಂದನ್ನು ಬೆಂಗಳೂರಿನಲ್ಲಿ ಇರಿಸಲಾಗಿದೆ. ರೋಗಕ್ಕೆ ಹೆದರಿ ಓಡಿದ ನಗರವೇ ಅದರ ಕಾವಲಿಗೂ ನಿಂತಿದೆ.